ತುಳಸಿ ಮುಂದಿನ ದೀಪಕ್ಕೆ ಆಮೆ ಪೀಠದ ಮಣ್ಣಿನ ಗೂಡು: ಮಾಡುವ ಕ್ರಮ

ಮುಸ್ಸಂಜೆಗೆ ತುಳಸಿ ಮುಂದೆ ಹಚ್ಚಿಟ್ಟ ಹಣತೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಅಂಗಳದಲ್ಲಿ ಕಡಲ ಗಾಳಿಗೆ ನಿಲ್ಲುವುದು ಕಷ್ಟ. ಹಳೆಯ ಕಲ್ಲಿನ ಕಟ್ಟೆಗಳಲ್ಲಿ ದೀಪಕ್ಕೆಂದೇ ಗೂಡು ಬಿಟ್ಟಿರುತ್ತಾರೆ. ಕುಂಡದಲ್ಲೋ ಸಿಮೆಂಟಿನ ಸಣ್ಣ ಕಟ್ಟೆಯಲ್ಲೋ ತುಳಸಿ ಇಟ್ಟವರಿಗೆ ಆ ಅನುಕೂಲ ಇರುವುದಿಲ್ಲ. ಅಂಥವರಿಗಾಗಿ, ಆಮೆಯ ಬೆನ್ನ ಮೇಲೆ ಕೂತ ದೀಪಗೂಡೊಂದನ್ನು ತಿಗರಿ ಇಲ್ಲದೆ ಬರಿಗೈಯಲ್ಲಿ ಕಟ್ಟಿ, ಅಂಗಳದಲ್ಲೇ ಸುಡುವ ಕ್ರಮ ಇಲ್ಲಿದೆ.

ಇದು ಶಿಲ್ಪವೂ ಹೌದು, ದಿನಾ ಕೈಯಾಡುವ ಪಾತ್ರೆಯೂ ಹೌದು. ಎರಡೂ ಕೂಡಿ ಬರಬೇಕಾದರೆ ಶಿಲ್ಪದ ಪ್ರತಿ ಭಾಗಕ್ಕೂ ಒಂದು ಕೆಲಸ ಇರಬೇಕು. ಆಮೆಯ ಅಗಲದ ಮೈ ಗೂಡು ಗಾಳಿಗೆ ಉರುಳದಂತೆ ಹಿಡಿಯುತ್ತದೆ. ಅದರ ತಲೆ ಅರಿಶಿನ ಕುಂಕುಮಕ್ಕೆ ಜಾಗ. ಕತ್ತಿನ ಹಿಂದಿನ ತೂತು ದಾಸವಾಳದ ತೊಟ್ಟು ಸಿಕ್ಕಿಸಲಿಕ್ಕೆ. ಬಾಗಿಲ ಹೊಸಿಲು ಚೆಲ್ಲಿದ ಎಣ್ಣೆಯನ್ನು ತಡೆಯಲಿಕ್ಕೆ. ಕೆಲಸವಿಲ್ಲದೆ ಅಂಟಿಸಿದ ಬಳ್ಳಿ, ಮಣಿ, ಎಸಳುಗಳೇ ಸುಡುವಾಗ ಮೊದಲು ಕಳಚಿಕೊಳ್ಳುತ್ತವೆ. ಉಳಿದರೂ ಅವುಗಳ ಸಂದಿಯಲ್ಲಿ ಮಸಿ ಮತ್ತು ಎಣ್ಣೆ ಜಿಡ್ಡು ಕೂತು, ಆರು ತಿಂಗಳಲ್ಲಿ ತೊಳೆಯಲಾಗದ ಸ್ಥಿತಿಗೆ ಬರುತ್ತದೆ.

ಕೆಲಸಕ್ಕೆ ಒಳ್ಳೆಯ ಕಾಲ ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬೀಳುವ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಪೂರ್ತಿ ಒಣಗುವುದೇ ಇಲ್ಲ. ಕಾರ್ತಿಕದ ದೀಪಕ್ಕೆ ಹೊಸ ಗೂಡು ಬೇಕೆಂದರೆ ಅದರ ಹಿಂದಿನ ಬೇಸಿಗೆಯಲ್ಲೇ ಸುಟ್ಟು ಇಟ್ಟುಕೊಳ್ಳಬೇಕು.

ಮಣ್ಣು

ಅರ್ಧ ಗೆಲುವು ಮಣ್ಣಿನ ಆಯ್ಕೆಯಲ್ಲೇ ಇದೆ. ಕರಾವಳಿಯಲ್ಲಿ ಎಲ್ಲೆಂದರಲ್ಲಿ ಸಿಗುವ ಕೆಂಪು ಚಿರೇಕಲ್ಲಿನ ಮಣ್ಣಿಗೆ ಅಂಟು ಕಡಿಮೆ. ಬಣ್ಣಕ್ಕೆ ಸರಿ, ಕಟ್ಟಲಿಕ್ಕೆ ಆಗದು. ಬೇಕಾದದ್ದು ಕೆರೆಯ ತಳದ ಅಥವಾ ಸಿಹಿನೀರಿನ ಗದ್ದೆಯ ಕೆಳಪದರದ ಜಿಗಟು ಮಣ್ಣು. ಮೇಲಿನ ಒಂದಡಿ ಬಿಟ್ಟು ಅಗೆಯಿರಿ, ಅಲ್ಲಿ ಬೇರು ಮತ್ತು ಗೊಬ್ಬರದ ಅಂಶ ಹೆಚ್ಚು. ಮಡಕೆ ಮಾಡುವ ಮನೆತನಗಳು ಊರಲ್ಲಿ ಇದ್ದರೆ, ಯಾವ ಕೆರೆಯ ಮಣ್ಣು ಹದವಾಗಿದೆ ಎಂದು ಅವರನ್ನೇ ಕೇಳುವುದು ಒಳ್ಳೆಯದು. ಶಿರಸಿ, ಕುಮಟಾ ಕಡೆ ಚೌತಿಯ ಗಣಪತಿ ಮಾಡುವ ಗುಡಿಗಾರರಿಗೂ ಒಳ್ಳೆಯ ಮಣ್ಣಿನ ಜಾಗ ಗೊತ್ತಿರುತ್ತದೆ. ಆದರೆ ಆ ಮೂರ್ತಿಗಳನ್ನು ಸುಡುವುದಿಲ್ಲ; ಆ ಮಣ್ಣನ್ನೇ ತಂದರೆ ಕೆಳಗೆ ಹೇಳಿದ ಪರೀಕ್ಷೆಗಳನ್ನು ಬಿಡಬೇಡಿ.

ಅಘನಾಶಿನಿ ನದಿ ಕಡಲು ಸೇರುವ ಭಾಗದ ಗಜನಿ (ಉಪ್ಪು ನೀರು ಹಾಯುವ ತಗ್ಗು ಗದ್ದೆ) ಮಣ್ಣು ನೋಡಲು ಬಹಳ ಚೆನ್ನಾಗಿರುತ್ತದೆ, ಕೈಗೆ ಬೆಣ್ಣೆಯ ಹಾಗೆ ಸಿಗುತ್ತದೆ. ಅದನ್ನು ಬಳಸಬೇಡಿ. ಅಲ್ಲಿ ಉಪ್ಪು ನೀರು ಏರಿಳಿಯುವುದರಿಂದ ಎರಡು ತೊಂದರೆ. ಮೊದಲನೆಯದು, ಒಣಗುವಾಗ ನೀರಿನ ಜೊತೆ ಉಪ್ಪು ಮೇಲ್ಮೈಗೆ ಬಂದು ನಿಲ್ಲುತ್ತದೆ. ಸುಟ್ಟ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಅದರ ಮೇಲೆ ಬಳಿದ ಬಣ್ಣ ಹಿಡಿಯುವುದಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು: ಚಿಪ್ಪಿನ ಚೂರು. ಬೆಂಕಿಯಲ್ಲಿ ಚಿಪ್ಪು ಸುಟ್ಟು ಸುಣ್ಣವಾಗುತ್ತದೆ. ಆ ಸುಣ್ಣ ಗಾಳಿಯ ತೇವ ಕುಡಿದು ಉಬ್ಬಿ, ಕೆಲವು ದಿನ ಅಥವಾ ವಾರಗಳ ಮೇಲೆ ಮೈಯಿಂದ ಚಕ್ಕೆ ಎಬ್ಬಿಸುತ್ತದೆ. ಚಕ್ಕೆ ಎದ್ದ ಗುಳಿಯಲ್ಲಿ ಬಿಳಿ ಚುಕ್ಕೆ ಕಂಡರೆ ಕಾರಣ ಇದೇ. ಇದೇ ಕಾರಣಕ್ಕೆ ಕಡಲ ಹೊಯ್ಗೆಯನ್ನೂ ಮಣ್ಣಿಗೆ ಬೆರೆಸಬಾರದು.

ಪರೀಕ್ಷೆ ಸುಲಭ. ಒಣ ಮಣ್ಣಿನ ಪುಡಿಯ ಮೇಲೆ ಬಿಳಿ ವಿನೆಗರ್ ಅಥವಾ ನಿಂಬೆರಸ ಹಾಕಿ. ನೊರೆ ಗುಳ್ಳೆ ಎದ್ದರೆ ಸುಣ್ಣದ ಅಂಶ ಇದೆ. ಉಪ್ಪಿಗೆ, ಒಂದು ಉಂಡೆ ಮಾಡಿ ಒಣಗಿಸಿ; ಮೇಲೆ ಬಿಳಿ ಪುಡಿ ಬಂದರೆ ಆ ಮಣ್ಣು ಬೇಡ.

ಮಣ್ಣಿಗೆ ಬೆರೆಸಲು ಬೇಕಾದದ್ದು ಮುರಿದ ಮಂಗಳೂರು ಹಂಚಿನ ತರಿ. ಹಳೆ ಮನೆ ಬಿಚ್ಚಿದಲ್ಲೆಲ್ಲ ಚೂರು ಸಿಗುತ್ತದೆ. ಪಾಚಿ ಉಜ್ಜಿ ತೊಳೆದು, ಗೋಣಿಚೀಲದ ಮೇಲಿಟ್ಟು ನೀರು ಚಿಮುಕಿಸಿ ಕುಟ್ಟಿ; ಒಣದಾಗಿ ಕುಟ್ಟಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕು. ಒಣಗಿದ ಮೇಲೆ ಸೊಳ್ಳೆಪರದೆಯಲ್ಲಿ ಜಾಲಿಸಿ, ಕೆಳಗೆ ಬಿದ್ದದ್ದನ್ನು ಇಟ್ಟುಕೊಳ್ಳಿ. ಒಮ್ಮೆ ಸುಟ್ಟಿರುವ ಹಂಚು ಮತ್ತೆ ಕುಗ್ಗುವುದಿಲ್ಲ. ಹಾಗಾಗಿ ಇಡೀ ಮೈ ಕಡಿಮೆ ಕುಗ್ಗುತ್ತದೆ, ಒಳಗಿನ ಆವಿಗೆ ಹೊರಹೋಗಲು ದಾರಿ ಸಿಗುತ್ತದೆ, ದಿನಾ ಬಿಸಿಯಾಗಿ ತಣಿಯುವುದನ್ನೂ ತಾಳಿಕೊಳ್ಳುತ್ತದೆ.

ಒಂದು ಗೂಡಿಗೆ 4 ಕೆ.ಜಿ. ಒಣ ಮಣ್ಣಿನ ಪುಡಿ, 1 ಕೆ.ಜಿ. ಹಂಚಿನ ತರಿ. ಹಣತೆಗಳಿಗೆ ತರಿ ಹಾಕದ ಮಣ್ಣು 1 ಕೆ.ಜಿ. ಬೇರೆ ಇರಲಿ. ಮಣ್ಣನ್ನು ಮೊದಲು ಪೂರ್ತಿ ಒಣಗಿಸಿ, ಪುಡಿ ಮಾಡಿ, ಆಮೇಲೆ ನೀರಿಗೆ ಹಾಕಬೇಕು. ಅರೆ ಹಸಿಯ ಹೆಂಟೆ ಎರಡು ದಿನ ನೀರಲ್ಲಿದ್ದರೂ ಒಳಗೆ ಗಟ್ಟಿಯೇ ಇರುತ್ತದೆ. ಒಣ ಹೆಂಟೆ ಕೆಲವೇ ಗಂಟೆಗಳಲ್ಲಿ ತಾನಾಗಿ ಕರಗುತ್ತದೆ. ಕಲಕಿ ಸೊಳ್ಳೆಪರದೆಯಲ್ಲಿ ಸೋಸಿ, ರಾತ್ರಿಯಿಡೀ ತಂಗಲು ಬಿಟ್ಟು, ಮೇಲಿನ ತಿಳಿನೀರು ಚೆಲ್ಲಿ, ಉಳಿದ ರಾಡಿಯನ್ನು ಹಳೆ ಪಂಚೆಯಲ್ಲಿ ಕಟ್ಟಿ ತೂಗುಹಾಕಿ. ಕೈಗೆ ಅಂಟದಷ್ಟು ಗಟ್ಟಿಯಾದ ಮೇಲೆ ತರಿ ಚಿಮುಕಿಸುತ್ತ ತುಳಿದು, ಆಮೇಲೆ ಕೈಯಲ್ಲಿ ನಾದಿ. ತಂತಿಯಲ್ಲಿ ಕೊಯ್ದು ನೋಡಿದಾಗ ಒಳಗೆ ಗಾಳಿಯ ಪೊಳ್ಳು ಕಾಣಬಾರದು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕನಿಷ್ಠ ಒಂದು ವಾರ ಇಟ್ಟರೆ ಅಂಟು ಹೆಚ್ಚುತ್ತದೆ.

ಹದ ನೋಡಲು ಬೆರಳ ದಪ್ಪದ ಮಣ್ಣಿನ ಬತ್ತಿ ಹೊಸೆದು ಬೆರಳಿಗೇ ಸುತ್ತಿ. ಬಿರುಕು ಬಿಟ್ಟರೆ ನೀರು ಸಾಲದು, ಇಲ್ಲವೇ ತರಿ ಹೆಚ್ಚಾಗಿದೆ. ಕುಗ್ಗುವಿಕೆಗೆ, ಒಂದು ಪಟ್ಟಿಯ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆದು ಒಣಗಿಸಿ. ಗೆರೆ 9.2 ರಿಂದ 9.5ಕ್ಕೆ ನಿಂತರೆ ಮುಂದುವರಿಯಿರಿ. 9ಕ್ಕಿಂತ ಕೆಳಗಿಳಿದರೆ ಇನ್ನೂ ಕಾಲು ಕೆ.ಜಿ. ತರಿ ಬೇಕು. ಸ್ವಂತ ಮಣ್ಣು ಹೊಂದದಿದ್ದರೆ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆ ವಿಚಾರಿಸಬಹುದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದು ಅಲ್ಲೇ.

ಆಮೆ

ಮುಂದಿನ ಅಳತೆಗಳೆಲ್ಲ ಹಸಿ ಮಣ್ಣಿನವು. ಸುಟ್ಟು ಬರುವಾಗ ನೂರಕ್ಕೆ 8 ರಿಂದ 10 ಪಾಲು ಸಣ್ಣದಾಗುತ್ತದೆ.

ದುಂಡು ತಳದ, 28 ಸೆಂ.ಮೀ. ಬಾಯಿಯ ಬೋಗುಣಿಯ ಒಳಗೆ ಒದ್ದೆ ಬಟ್ಟೆ ಹಾಸಿ. ಎರಡು 1 ಸೆಂ.ಮೀ. ರೀಪುಗಳ ನಡುವೆ ಮಣ್ಣಿಟ್ಟು ಲಟ್ಟಣಿಗೆಯಲ್ಲಿ ಲಟ್ಟಿಸಿದರೆ ಒಂದೇ ದಪ್ಪದ ಹಾಳೆ ಸಿಗುತ್ತದೆ. ಹಾಳೆಯನ್ನು ಬೋಗುಣಿಯ ಒಳಮೈಗೆ ಒತ್ತಿ. ಬೋಗುಣಿ ಕವುಚಿ ಅದರ ಬೆನ್ನ ಮೇಲೆ ಹೊದಿಸುವುದು ಸುಲಭ ಎನಿಸುತ್ತದೆ, ಹಾಗೆ ಮಾಡಬೇಡಿ: ಮಣ್ಣು ಕುಗ್ಗುತ್ತದೆ, ಬೋಗುಣಿ ಕುಗ್ಗುವುದಿಲ್ಲ, ಹಾಳೆ ಸೀಳುತ್ತದೆ. ಒಳಗೆ ಒತ್ತಿದ ಹಾಳೆ ಕುಗ್ಗಿದಂತೆ ತಾನಾಗಿ ಬಿಟ್ಟುಕೊಂಡು ಬರುತ್ತದೆ. ತಳದ ನಡುವೆ 16 ಸೆಂ.ಮೀ. ವೃತ್ತವನ್ನು ಚಪ್ಪಟೆಯಾಗಿ ತಟ್ಟಿ. ಕವುಚಿದಾಗ ಅದೇ ಗೂಡಿನ ನೆಲ.

ಮರುದಿನ, ಉಗುರು ಒತ್ತಿದರೆ ಗುರುತು ಬಿದ್ದರೂ ಬೆರಳು ಒತ್ತಿದರೆ ಬಾಗದ ಹಂತಕ್ಕೆ ಬಂದಾಗ, ಕವುಚಿ ಹೊರತೆಗೆಯಿರಿ. ಅಂಚನ್ನು ಕೊಂಚ ಮೊಟ್ಟೆಯಾಕಾರಕ್ಕೆ ಕೊಯ್ದರೆ ಆಮೆಯ ಮೈ ಸಿದ್ಧ. ತಳ ತೆರೆದೇ ಇರಲಿ.

ಕಾಲುಗಳು ಚಪ್ಪಟೆ ಹುಟ್ಟಿನಾಕಾರದವು, 7 ಸೆಂ.ಮೀ. ಉದ್ದ, 1.5 ಸೆಂ.ಮೀ. ದಪ್ಪ. ನಮ್ಮ ದಂಡೆಗೆ ಮೊಟ್ಟೆಯಿಡಲು ಬರುವ ಕಡಲಾಮೆಯ ಕಾಲು ಹೀಗೇ ಇರುತ್ತದೆ, ಮತ್ತು ಈ ಆಕಾರವೇ ಅನುಕೂಲ: ನೆಲಕ್ಕೆ ಅಂಟಿ ಹರಡಿದ ಕಾಲು ಮುರಿಯುವುದಿಲ್ಲ, ಕಂಬದ ಹಾಗೆ ನಿಂತ ಕಾಲು ಮುರಿಯುತ್ತದೆ. ಮುಂಗಾಲುಗಳ ತುದಿ ಮೇಲಕ್ಕೆ ಬಾಗಬಾರದು.

ಎಲ್ಲಕ್ಕಿಂತ ಸೂಕ್ಷ್ಮ ಕತ್ತು. ತಲೆ 5 ಸೆಂ.ಮೀ. ಉಂಡೆ, ಕತ್ತಿನ ಬುಡ 4 ಸೆಂ.ಮೀ. ದಪ್ಪ. ಗಟ್ಟಿ ಉಂಡೆಯಾಗಿ ಬಿಟ್ಟರೆ ಹೊರಗೆ ಒಣಗಿ ಒಳಗೆ ಹಸಿಯೇ ಉಳಿಯುತ್ತದೆ. ಬೆಂಕಿಗೆ ಬಿದ್ದಾಗ ಆ ನೀರು ಆವಿಯಾಗಿ ತಲೆ ಸಿಡಿಯುತ್ತದೆ. ಗಾಳಿ ಗುಳ್ಳೆಯಿಂದ ಸಿಡಿಯಿತು ಎನ್ನುವುದು ವಾಡಿಕೆ, ಆದರೆ ಸಿಡಿಸುವುದು ನೀರು. ಅದಕ್ಕೇ ಇಡೀ ಕೃತಿಯಲ್ಲಿ ಎಲ್ಲೂ 2 ಸೆಂ.ಮೀ. ಮೀರಿದ ದಪ್ಪ ಇರಬಾರದು. ಪೆನ್ಸಿಲ್ ದಪ್ಪದ ಕಡ್ಡಿಯನ್ನು ಕತ್ತಿನ ಬುಡದಿಂದ ತಲೆಯ ನಡುವಿನವರೆಗೆ ತೂರಿಸಿ ತಿರುಗಿಸುತ್ತ ಪೊಳ್ಳು ಅಗಲಿಸಿ. ಮೈಯಲ್ಲಿ ಕತ್ತು ಕೂರುವ ಜಾಗದಲ್ಲೂ ತೂತು ಕೊರೆದು ಎರಡೂ ಪೊಳ್ಳು ಕೂಡುವಂತೆ ಜೋಡಿಸಿ.

ಜೋಡಿಸುವ ಎರಡೂ ಮುಖಗಳನ್ನು ಮುಳ್ಳುಚಮಚದಿಂದ ಅಡ್ಡ ಉದ್ದ ಆಳವಾಗಿ ಗೀರಿ, ಅದೇ ಮಣ್ಣಿನ ರಾಡಿ ಹಚ್ಚಿ, ಅಲುಗಾಡಿಸುತ್ತ ಒತ್ತಿ. ರಾಡಿ ಎಷ್ಟು ಗಟ್ಟಿ ಎಂದರೆ ಬೆರಳದ್ದಿ ತೆಗೆದಾಗ ಉಗುರು ಕಾಣಬಾರದು. ಕೂಡುವ ಸುತ್ತಲೂ ಸಪೂರ ಬತ್ತಿ ಇಟ್ಟು ಒಳಕ್ಕೆ ತಿದ್ದಿ. ಬಿಡಿಯಾಗಿ ಒಣಗುತ್ತಿರುವ ತಲೆಯನ್ನು ಹಸಿ ಮೈಗೆ ಅಂಟಿಸಿದರೆ ಎರಡೂ ಬೇರೆ ಬೇರೆ ಅಳತೆಗೆ ಕುಗ್ಗಿ ಕತ್ತಿನಲ್ಲೇ ಬಿರುಕು ಬರುತ್ತದೆ. ಎರಡೂ ಒಂದೇ ಹದದಲ್ಲಿರಬೇಕು.

ನೆತ್ತಿಯ ಮೇಲೆ ಹೆಬ್ಬೆರಳಿನಿಂದ ಒಂದು ಆಳವಿಲ್ಲದ ಗುಳಿ ಒತ್ತಿ, ನುಣುಪಾದ ಹೊಳೆಗಲ್ಲಿನಿಂದ ಚೆನ್ನಾಗಿ ತೀಡಿ. ಕುಂಕುಮ ಇಡುವ ಜಾಗ ಇದು. ತೀಡದ ಮಣ್ಣು ಕುಂಕುಮ ಹೀರಿಕೊಂಡು ಶಾಶ್ವತ ಕಲೆ ಕಟ್ಟುತ್ತದೆ. ಕತ್ತಿನ ಹಿಂದೆ, ಮೈಗೆ ಓರೆಯಾಗಿ, 6 ಮಿ.ಮೀ. ತೂತು ಹೂವಿಗೆ. ಆಮೆಯ ಕಣ್ಣು ಎರಡು ಗೀರು ಸಾಕು.

ಗೂಡು

ಚಪ್ಪಟೆ ನೆಲದ ಅಂಚಿನಲ್ಲಿ ಗೀರಿ, ರಾಡಿ ಹಚ್ಚಿ, ಹೆಬ್ಬೆರಳ ದಪ್ಪದ ಬತ್ತಿಗಳನ್ನು ಸುತ್ತುತ್ತ ಏರಿಸಿ. ಹೊರವ್ಯಾಸ 16 ಸೆಂ.ಮೀ., ಗೋಡೆ 9 ಮಿ.ಮೀ. ಪ್ರತಿ ಬತ್ತಿಯನ್ನೂ ಒಳಗಡೆ ಕೆಳಮುಖವಾಗಿ, ಹೊರಗಡೆ ಮೇಲ್ಮುಖವಾಗಿ ಬೆರಳಿನಿಂದ ಬೆಸೆಯಿರಿ. ಹೊರಗಷ್ಟೇ ತಿದ್ದಿ ಒಳಗೆ ಬಿಟ್ಟರೆ ಸುಟ್ಟಾಗ ಬತ್ತಿಯ ಸಾಲಿಗೇ ಬಿರಿಯುತ್ತದೆ. ಗೆರಟೆಯ ಚೂರನ್ನು ಅಂಚು ತೀಡಿ ಇಟ್ಟುಕೊಂಡರೆ ಮೈ ಹೆರೆಯಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಒಂದೇ ಸಲಕ್ಕೆ 8 ಸೆಂ.ಮೀ. ಮೀರಿ ಏರಿಸಬೇಡಿ, ಕೆಳಗಿನದು ಗಟ್ಟಿಯಾಗುವವರೆಗೆ ಅಂಚನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಡಿ.

13 ಸೆಂ.ಮೀ. ಎತ್ತರದ ಮೇಲೆ ಪ್ರತಿ ಬತ್ತಿಯನ್ನೂ ಹಿಂದಿನದಕ್ಕಿಂತ ಸ್ವಲ್ಪ ಒಳಗೆ ಕೂರಿಸುತ್ತ ಹೋದರೆ ಗುಮ್ಮಟ ಮುಚ್ಚಿಕೊಳ್ಳುತ್ತದೆ. ನೆತ್ತಿಯಲ್ಲಿ 2.5 ಸೆಂ.ಮೀ. ತೂತು ಬಿಡಿ. ನೆಲದಿಂದ ನೆತ್ತಿಗೆ ಒಟ್ಟು 19 ಸೆಂ.ಮೀ. ಹಣತೆ ಮತ್ತು ಜ್ವಾಲೆ ಸೇರಿ 6 ಸೆಂ.ಮೀ. ಆದರೂ ಮೇಲೆ ಸಾಕಷ್ಟು ಜಾಗ ಉಳಿಯುತ್ತದೆ. ಛಾವಣಿ ತಗ್ಗಿದ್ದರೆ ಮಸಿ ದಪ್ಪಗೆ ಕೂರುತ್ತದೆ, ಬಿಸಿಗೆ ಗುಮ್ಮಟ ಸೀಳುವ ಅಪಾಯವೂ ಇದೆ. ನೆತ್ತಿಯ ತೂತು 4 ಸೆಂ.ಮೀ. ಆದರೆ ಗೂಡೇ ಚಿಮಣಿಯಾಗಿ ಜ್ವಾಲೆಯನ್ನು ಉದ್ದಕ್ಕೆ ಎಳೆಯುತ್ತದೆ, ಎಣ್ಣೆ ಬೇಗ ಖಾಲಿ. ತೂತಿನ ಮೇಲೆ ಮೂರು ಗಿಡ್ಡ ಕಾಲಿನ, 7 ಸೆಂ.ಮೀ. ಅಗಲದ ಬಿಡಿ ಮುಚ್ಚಳ ಮಾಡಿ. ಮೇಲಿಂದ ಗಾಳಿ ಹೊಡೆದಾಗ ದೀಪವನ್ನು ಕಾಯುವುದು ಈ ಮುಚ್ಚಳ.

ಗೋಡೆ ಗಟ್ಟಿಯಾದ ಮೇಲೆ ಬಾಗಿಲು ಕೊಯ್ಯಿರಿ, ಆಮೆಯ ತಲೆಯ ನೇರಕ್ಕೆ. ಅಗಲ 10 ಸೆಂ.ಮೀ., ಎತ್ತರ 11 ಸೆಂ.ಮೀ., ನೆತ್ತಿ ಕಮಾನು. ಬಳೆ ತೊಟ್ಟ ಕೈ ಹಣತೆ ಹಿಡಿದು ಒಳಗೆ ಹೋಗಿ ಬರಬೇಕು. ಇದಕ್ಕಿಂತ ಕಿರಿದಾದರೆ ದಿನಾ ಮಣಿಕಟ್ಟು ತಾಗುತ್ತದೆ. ಕೆಳಗೆ ನೆಲದಿಂದ 2 ಸೆಂ.ಮೀ. ಗೋಡೆ ಹೊಸಿಲಾಗಿ ಉಳಿಯಲಿ. ಚೌಕ ಮೂಲೆ ಬೇಡ, ಬಿರುಕು ಹುಟ್ಟುವುದು ಮೂಲೆಯಲ್ಲೇ. ಕೊಯ್ದ ತುಂಡನ್ನು ಕಾಗದ ಸುತ್ತಿ ಅದೇ ಜಾಗದಲ್ಲಿ ಎರಡು ದಿನ ಸಡಿಲವಾಗಿ ಇಟ್ಟರೆ ಗೂಡು ಅಂಡಾಕಾರಕ್ಕೆ ತಿರುಗುವುದಿಲ್ಲ. ಹಿಂಗೋಡೆಯ ಕೆಳಭಾಗದಲ್ಲಿ 5 ಮಿ.ಮೀ. ತೂತು ಐದು ಸಾಕು. ಸುತ್ತಲೂ ಜಾಲಂದ್ರ ಕೊರೆದರೆ ನೋಡಲು ಚಂದ, ಗಾಳಿ ತಡೆಯುವ ಕೆಲಸ ಮಾತ್ರ ಕೆಟ್ಟುಹೋಗುತ್ತದೆ.

ಹಣತೆಯನ್ನು ಗೂಡಿಗೆ ಅಂಟಿಸಲೇಬಾರದು. ಸುಟ್ಟ ಮಣ್ಣು ಎಣ್ಣೆ ಹೀರುತ್ತದೆ, ಹಣತೆ ಬದಲಾಗುತ್ತಿರಬೇಕು, ಗೂಡು ಉಳಿಯಬೇಕು. 7 ಸೆಂ.ಮೀ. ಅಗಲದ ಹಣತೆಗಳನ್ನು ಮೂವತ್ತಾದರೂ ಒಟ್ಟಿಗೆ ಒತ್ತಿಟ್ಟುಕೊಳ್ಳಿ. ಒಂದೇ ವಸ್ತುವಿಗಾಗಿ ಬೆಂಕಿ ಹಾಕುವುದು ಸೌದೆಗೂ ನಷ್ಟ.

ಮೈ ಬಣ್ಣ

ಅರೆ ಒಣಗಿದ ಮೈಗೆ ಸೋಸಿದ ಕೆಮ್ಮಣ್ಣಿನ ರಾಡಿ ಎರಡು ಸಲ ತೆಳುವಾಗಿ ಬಳಿದು, ಹೊಳೆಗಲ್ಲಿನಿಂದ ತೀಡಿದರೆ ಹೊಳಪು ಬರುತ್ತದೆ. ಕರಾವಳಿಯ ದೇವಸ್ಥಾನಗಳ ಕಾವಿ ಕಲೆಯಲ್ಲಿ ಸುಣ್ಣದ ಗಾರೆಯ ಮೇಲಿನ ಕೆಂಪು ಪದರವನ್ನು ಗೀರಿ ಬಿಳಿ ತೋರಿಸುತ್ತಾರೆ. ಇಲ್ಲಿ ಅದನ್ನು ತಿರುವುಮುರುವು ಮಾಡಬಹುದು: ಗುಮ್ಮಟದ ಕೆಳಗೆ ಒಂದು ಪಟ್ಟಿಗೆ ಮಾತ್ರ ಶೇಡಿ (ಬಿಳಿ ಜೇಡಿಮಣ್ಣು) ಬಳಿದು, ಸೂಜಿಯಿಂದ ಗೀರಿ ಕೆಂಪು ತೋರಿಸಿ. ಹಸೆ ಚಿತ್ತಾರದ ನೇರ ಗೆರೆಗಳು ಇಂಥ ಪಟ್ಟಿಗೆ ಚೆನ್ನಾಗಿ ಕೂರುತ್ತವೆ. ಶೇಡಿಗೂ ನಿಂಬೆರಸದ ಪರೀಕ್ಷೆ ಆಗಲೇಬೇಕು, ನೊರೆ ಬಂದರೆ ಅದು ಸುಣ್ಣ, ಸುಟ್ಟ ಮೇಲೆ ಉದುರುತ್ತದೆ. ನಾಲ್ಕು ಪಾಲು ಶೇಡಿಗೆ ಒಂದು ಪಾಲು ಗೂಡಿನ ಮಣ್ಣು ಬೆರೆಸಿದರೆ ಹಿಡಿತ ಬರುತ್ತದೆ. ಎಣ್ಣೆ ಬಣ್ಣ, ವಾರ್ನಿಷ್ ಬೇಡವೇ ಬೇಡ. ದೀಪದ ಬಿಸಿಗೆ ವಾಸನೆ, ಮಳೆಗಾಲದಲ್ಲಿ ಸಿಪ್ಪೆ ಏಳುತ್ತದೆ.

ಒಣಗಿಸುವುದು

ಮೊದಲ ಮೂರು ದಿನ ಇಡೀ ಗೂಡು ಪ್ಲಾಸ್ಟಿಕ್ಕಿನೊಳಗೆ ಇರಲಿ. ದಪ್ಪ, ತೆಳು ಭಾಗಗಳ ತೇವ ಸಮನಾಗುತ್ತದೆ. ಆಮೇಲೆ ತಲೆ, ಕಾಲುಗಳಿಗೆ ಮಾತ್ರ ಪ್ಲಾಸ್ಟಿಕ್ ಉಳಿಸಿ, ಕೋಣೆಯೊಳಗೆ ನೆರಳಲ್ಲಿ ಎರಡು ವಾರ. ಕೆಳಗೆ ಉಮಿ ಅಥವಾ ಒಣ ಹೊಯ್ಗೆ ಹರಡಿ ಇಟ್ಟರೆ ಕುಗ್ಗುವಾಗ ಕಾಲು ಜಾರಲು ಸಾಧ್ಯ, ಇಲ್ಲವಾದರೆ ಕಾಲಿನ ಬುಡ ಬಿರಿಯುತ್ತದೆ. ಜಗಲಿಯಲ್ಲಿ ಇಟ್ಟರೆ ಗಾಳಿ ಒಂದೇ ಕಡೆಯಿಂದ ಬೀಸಿ ಗೂಡು ವಾಲುತ್ತದೆ. ಕೆನ್ನೆಗೆ ತಾಗಿಸಿ ನೋಡಿ: ತಣ್ಣಗಿದ್ದರೆ ಇನ್ನೂ ನೀರಿದೆ.

ಸುಡುವುದು

ಮನೆ, ಹುಲ್ಲಿನ ಬಣವೆ, ತೆಂಗಿನ ಮಡಲುಗಳಿಂದ ದೂರದ ಬಯಲು ಬೇಕು. ಹಿಂದಿನ ದಿನ ಆ ನೆಲದ ಮೇಲೆ ಒಂದು ಬೆಂಕಿ ಹಾಕಿ ನೆಲದ ತೇವ ತೆಗೆಯಿರಿ. ಹಸಿ ನೆಲದಿಂದ ಏಳುವ ಆವಿಯೇ ಪೀಠ ಒಡೆಯಲು ಸಾಮಾನ್ಯ ಕಾರಣ. ಇಟ್ಟಿಗೆಗಳನ್ನು ಗಾರೆಯಿಲ್ಲದೆ ದುಂಡಗೆ ಜೋಡಿಸಿ: ಒಳ ಅಗಲ 90 ಸೆಂ.ಮೀ., ಎತ್ತರ 60 ಸೆಂ.ಮೀ., ಬುಡದಲ್ಲಿ ನಾಲ್ಕು ಬೆಂಕಿ ಬಾಯಿ. ತೇವ ಹೀರಿದ ಚಿರೇಕಲ್ಲು ಬೇಡ, ಸಿಡಿಯಬಹುದು. ಒಳಗೆ ಇಟ್ಟಿಗೆ ನಿಲ್ಲಿಸಿ ನೆಲದಿಂದ 20 ಸೆಂ.ಮೀ. ಮೇಲೆ ಗೂಡು ಕೂರಿಸಿ, ಸುತ್ತ ಹಣತೆ ಜೋಡಿಸಿ, ಮೇಲೆ ಹಂಚಿನ ಚೂರು ಮುಚ್ಚಿ.

ಸೌದೆ ಅಂದಾಜು 50 ಕೆ.ಜಿ. ಗಾಳಿಮರದ ಸೀಳು, ಎರಡು ಗೋಣಿ ತೆಂಗಿನ ಸಿಪ್ಪೆ, ಸ್ವಲ್ಪ ಬೆರಣಿ. ಶಿರಸಿ ಕಡೆ ಅಡಿಕೆ ಸಿಪ್ಪೆಯೂ ಆಗುತ್ತದೆ. ದಂಡೆಗೆ ತೇಲಿಬಂದ ಮರದಲ್ಲಿ ಉಪ್ಪಿರುತ್ತದೆ, ಮೈ ಮೇಲೆ ಕಲೆ ಬೀಳುತ್ತದೆ.

ಸಂಜೆ ನಾಲ್ಕಕ್ಕೆ ಶುರುಮಾಡಿ. ಮೊದಲ ಮೂರು ಗಂಟೆ ಬೆಂಕಿ ಬಾಯಿಯ ಹೊರಗೇ ಸಿಪ್ಪೆ ಹೊಗೆಯಾಡಲಿ, ಜ್ವಾಲೆ ಒಳಗೆ ಹೋಗಬಾರದು. ಮೇಲೆ ಹಿಡಿದ ತಣ್ಣನೆಯ ಉಕ್ಕಿನ ತಟ್ಟೆಗೆ ಹನಿ ಕಟ್ಟುತ್ತಿರುವವರೆಗೆ ನೀರು ಇನ್ನೂ ಹೊರಬರುತ್ತಿದೆ ಎಂದರ್ಥ. ಅಷ್ಟರೊಳಗೆ ಬೆಂಕಿ ಹೆಚ್ಚಿಸಬೇಡಿ. ಕತ್ತಲಾಗುವಾಗ ಕಡಲ ಗಾಳಿ ಇಳಿಯುತ್ತದೆ, ಬೆಂಕಿ ಒಂದೇ ಕಡೆ ವಾಲುವುದಿಲ್ಲ, ಕೆಂಪಿನ ಬಣ್ಣವೂ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಆಗ ಸೌದೆಯನ್ನು ನಿಧಾನ ಒಳಗೆ ತಳ್ಳಿ, ನಾಲ್ಕೂ ಬಾಯಿಗೆ ಸಮನಾಗಿ. 573 ಡಿಗ್ರಿಯ ಹತ್ತಿರ ಮಣ್ಣಿನೊಳಗಿನ ಬೆಣಚು ಹರಳು ಒಮ್ಮೆಲೇ ಹಿಗ್ಗುತ್ತದೆ. ಏರುವಾಗಲೂ ಇಳಿಯುವಾಗಲೂ ಆ ಹಂತ ನಿಧಾನವಾಗಿ ದಾಟಬೇಕು. ಇಣುಕಿದಾಗ ಗೂಡಿನ ಮೈ ಮಂದ ಕೆಂಪು ದಾಟಿ ಎದ್ದು ಕಾಣುವ ಕೆಂಪಿಗೆ ಬಂದರೆ 750 ರಿಂದ 800 ಡಿಗ್ರಿ. ಅಲ್ಲೇ ಅರ್ಧ ಗಂಟೆ ಹಿಡಿದು, ಬಾಯಿಗಳನ್ನು ಇಟ್ಟಿಗೆ, ಮಣ್ಣಿನಿಂದ ಮುಚ್ಚಿ ಬಿಡಿ. 900 ದಾಟಿದರೆ ತೀಡಿದ ಹೊಳಪು ಕುಂದುತ್ತದೆ.

ಮರುದಿನ ಮಧ್ಯಾಹ್ನಕ್ಕೆ ಮುಂಚೆ ತೆರೆಯಬೇಡಿ. ಬರಿಗೈಯಲ್ಲಿ ಮುಟ್ಟುವಷ್ಟು ತಣಿದಿರಬೇಕು. ಗೆಣ್ಣಿನಿಂದ ತಟ್ಟಿದರೆ ಗಟ್ಟಿ ನಾದ ಬರಬೇಕು. ಬೊದ್ದು ಸದ್ದು ಬಂದರೆ ಎಲ್ಲೋ ಬಿರುಕಿದೆ. ಒಂದು ಹಣತೆಯನ್ನು ರಾತ್ರಿಯಿಡೀ ನೀರಲ್ಲಿಡಿ. ಅಂಚು ಮೆತ್ತಗಾದರೆ ಬೆಂಕಿ ಸಾಲಲಿಲ್ಲ, ಗೂಡನ್ನು ಇನ್ನೊಮ್ಮೆ ಸುಡಬಹುದು. ಕಪ್ಪು ಮೋಡದಂಥ ಗುರುತು ಹೊಗೆ ತಾಗಿದ್ದು, ದೋಷವಲ್ಲ. ಸುಣ್ಣದ ಅನುಮಾನ ಇದ್ದರೆ ತಣಿದ ಕೂಡಲೇ ಗೂಡನ್ನು ಪೂರ್ತಿ ನೀರಲ್ಲಿ ಮುಳುಗಿಸಿ ಒಂದು ಗಂಟೆ ಬಿಡಿ. ಸಣ್ಣ ಕಣಗಳು ಒಳಗೇ ಅರಳಿ ಮೆತ್ತಗಾಗಿ, ಚಕ್ಕೆ ಏಳುವುದು ಕಡಿಮೆಯಾಗುತ್ತದೆ.

ದಿನದ ಬಳಕೆ

ಹೊಸ ಹಣತೆಯನ್ನು ಆರು ಗಂಟೆ ನೀರಲ್ಲಿ ನೆನೆಸಿ ಒರೆಸಿ ಒಣಗಿಸಿ ಬಳಸಿದರೆ ಎಣ್ಣೆ ಕುಡಿಯುವುದು ಕಡಿಮೆ. ಬತ್ತಿ ಅಂಚಿನಿಂದ ಅರ್ಧ ಸೆಂ.ಮೀ. ಮಾತ್ರ ಹೊರಗಿರಲಿ, ಹೆಚ್ಚಿದ್ದರೆ ಮಸಿ. ಹಣತೆ ಗೂಡಿನ ನಡುವೆ ಇರಬೇಕು, ಬಾಗಿಲಿಗೆ ಹತ್ತಿರ ಎಳೆದರೆ ಗಾಳಿಗೆ ಸಿಗುತ್ತದೆ. ಬಾಗಿಲು ಪಡುವಣಕ್ಕೆ ತೆರೆಯದಂತೆ ಕೂರಿಸಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಕರಾವಳಿಯಲ್ಲಿ ತೊಂದರೆ ಕಡಿಮೆ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಚಳಿಗಾಲದಲ್ಲಿ ಬತ್ತಿ ಸೊರಗುತ್ತದೆ, ಅಲ್ಲಿಗೆ ಎಳ್ಳೆಣ್ಣೆ ಸರಿ.

ವಾರಕ್ಕೊಮ್ಮೆ ಮುಚ್ಚಳ ತೆಗೆದು ಒಣ ನಾರಿನಿಂದ ಒಳಗಿನ ಮಸಿ ಒರೆಸಿ. ನೆಲದ ಜಿಡ್ಡಿಗೆ ಅಂಟುವಾಳದ ನೀರು ಸಾಕು; ಸಾಬೂನಿನ ಪುಡಿಯ ಉಪ್ಪುಗಳು ಮಣ್ಣಿನೊಳಗೆ ಇಳಿದು ಆಮೇಲೆ ಬಿಳಿಚುತ್ತವೆ. ಜೂನ್ ಮೊದಲ ವಾರ ಗೂಡನ್ನು ಜಗಲಿಗೆ ತನ್ನಿ. ಮಳೆಗೆ ಬಿಟ್ಟರೆ ಮೊದಲ ವರ್ಷವೇ ಪಾಚಿ ಹಿಡಿಯುತ್ತದೆ. ಹಿಡಿದಿದ್ದರೆ ಗಟ್ಟಿ ಬ್ರಷ್‌ನಲ್ಲಿ ಒಣದಾಗಿಯೇ ಉಜ್ಜಿ ತೆಗೆದು, ಎರಡು ದಿನ ಬಿಸಿಲಿಗಿಟ್ಟು, ಪೂರ್ತಿ ಒಣಗಿದ ಮೇಲಷ್ಟೇ ಒಳಗೆ ದೀಪ ಹಚ್ಚಿ.